ಜಯಂತಿಯ ರಕ್ತದಲ್ಲಿ ಏರಿದ ಸಂಖ್ಯೆ

ಮೂವತ್ತನಾಲ್ಕು ವರ್ಷ ಬೇರೆಯವರ ರಕ್ತ ತೆಗೆದು, ಅದರಲ್ಲಿ ಯಾವುದು ಎಷ್ಟಿದೆ ಎಂದು ಬರೆದುಕೊಟ್ಟು ಹೊಟ್ಟೆ ಹೊರೆದವನು ನಾನು. ಉಡುಪಿ ಕಡೆಯ ಒಂದು ಆಸ್ಪತ್ರೆಯ ಲ್ಯಾಬು, ಹೆಸರು ಬರೆಯುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ದಾರಿಯಲ್ಲಿ ಸಿಕ್ಕಾಗ "ಸರ್, ನಿಮ್ಮ ಅನುಭವ ಬರೆಯಿರಿ" ಎನ್ನುತ್ತಾರೆ. ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಚೀಫ್ ಟೆಕ್ನಿಷಿಯನ್ ಆದೆ ಎಂಬುದರಲ್ಲಿ ಅವರಿಗೆ ಕಲಿಯುವುದೇನೂ ಇಲ್ಲ. ಮೇಲಿನವರು ನಿವೃತ್ತರಾದರು, ನಾನು ಅವರ ಕುರ್ಚಿಯಲ್ಲಿ ಕುಳಿತೆ, ಅಷ್ಟೆ. ಬರೆಯುವುದಾದರೆ ನಾನು ಎಲ್ಲಿ ಎಡವಿದೆ ಎಂದು ಬರೆಯಬೇಕು. ಅದರಲ್ಲಿ ಒಂದು ತಪ್ಪಂತೂ ಕಾಪುವಿನ ಒಬ್ಬ ಹೆಂಗಸಿನ ಜೀವದ ತನಕ ಹೋಗಿತ್ತು.

ನಾನು ಸೇರಿದಾಗ ಐಜಿಜಿ ಅಳೆಯಲು ಯಂತ್ರ ಇರಲಿಲ್ಲ. ಸೋಂಕು ಬಂದಾಗ ಹೋರಾಡಲೆಂದು ನಮ್ಮ ಮೈ ತಾನೇ ತಯಾರಿಸಿಕೊಳ್ಳುವ ಪ್ರೋಟೀನುಗಳಿಗೆ ಪ್ರತಿಕಾಯ ಎನ್ನುತ್ತಾರೆ; ಅವುಗಳಲ್ಲಿ ರಕ್ತದಲ್ಲಿ ಹೆಚ್ಚಾಗಿರುವುದು ಈ ಐಜಿಜಿ. ಆಗ ನಾವು ತಟ್ಟೆಯಲ್ಲಿ ಐಜಿಜಿಯನ್ನು ಹಿಡಿಯುವ ದ್ರವ ಬೆರೆಸಿದ ಅಗರ್ ಎಂಬ ಅಂಟನ್ನು ತೆಳ್ಳಗೆ ಹೊಯ್ದು, ಗಟ್ಟಿಯಾದ ಮೇಲೆ ಅದರಲ್ಲಿ ಸಣ್ಣ ಗುಂಡಿ ಕೊರೆದು, ಗುಂಡಿಗೆ ರೋಗಿಯ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ತುಂಬಿ ಎರಡು ದಿನ ಮುಚ್ಚಿಡುತ್ತಿದ್ದೆವು. ಗುಂಡಿಯ ಸುತ್ತ ಬಿಳಿಯ ಉಂಗುರ ಮೂಡುತ್ತದೆ. ಉಂಗುರ ಅಗಲವಾದಷ್ಟೂ ಐಜಿಜಿ ಹೆಚ್ಚು. ಭೂತಗನ್ನಡಿ ಹಿಡಿದು ಅದರ ಅಗಲ ಅಳೆಯುವುದೇ ಪರೀಕ್ಷೆ.

ಎರಡನೇ ವರ್ಷದಲ್ಲಿ ಒಮ್ಮೆ ಎಲ್ಲೂರಿನ ನಮ್ಮ ಮನೆಯಲ್ಲಿ ನಾಗತಂಬಿಲ, ನಾಗನ ಪೂಜೆ. ಮಧ್ಯಾಹ್ನದ ಬಸ್ಸು ಹಿಡಿಯುವ ಅವಸರದಲ್ಲಿ ಒಂದೇ ದಿನಕ್ಕೆ ತಟ್ಟೆ ತೆಗೆದು ಅಳೆದು ವರದಿ ಬರೆದೆ. ಉಂಗುರ ಇನ್ನೂ ಅರ್ಧ ಬೆಳೆದಿತ್ತಷ್ಟೆ. ಆರು ವರ್ಷದ ಒಂದು ಮಗುವಿನ ಮೈಯಲ್ಲಿ ಪ್ರತಿಕಾಯವೇ ಇಲ್ಲ ಎಂದಾಯಿತು. ಆ ತಾಯಿ ಎರಡು ದಿನ ಅನ್ನ ನೀರು ಬಿಟ್ಟಳಂತೆ. ಮರುಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು. ನಮ್ಮ ಲ್ಯಾಬಿನ ಮುಖ್ಯಸ್ಥೆಯಾಗಿದ್ದ ಡಾಕ್ಟರ್ ಕಾಮತ್ ಮೇಡಂ ನನ್ನನ್ನು ಕರೆದು, ಕನ್ನಡಕದ ಮೇಲಿನಿಂದ ನೋಡಿ, "ಭಟ್ರೇ, ಉಂಗುರ ನಿಮ್ಮ ಬಸ್ಸಿನ ಟೈಮಿಗೆ ಬೆಳೆಯುದಿಲ್ಲ" ಎಂದರು. ಅಷ್ಟೇ ಮಾತು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಆ ಕಾಲದಲ್ಲಿ ದೊಡ್ಡದೊಂದು ರಿಜಿಸ್ಟರ್ ಇತ್ತು. ಮತ್ತೆ ಮತ್ತೆ ಬರುವ ರೋಗಿಗಳಿಗೆ ಒಂದೊಂದು ಪುಟ. ಈ ಸಲದ ಸಂಖ್ಯೆ ಬರೆಯುವಾಗ ಹೋದ ಸಲದ್ದು ಅದರ ಮೇಲೆಯೇ ಕಾಣುತ್ತಿತ್ತು. ಬೇಡವೆಂದರೂ ಕಣ್ಣಿಗೆ ಬೀಳುತ್ತಿತ್ತು. ಆಮೇಲೆ ಯಂತ್ರ ಬಂತು, ಎರಡು ದಿನದ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಕಂಪ್ಯೂಟರ್ ಬಂತು, ರಿಜಿಸ್ಟರ್ ಕಪಾಟಿಗೆ ಹೋಯಿತು. ಪರದೆಯ ಮೇಲೆ ಇವತ್ತಿನ ಸಂಖ್ಯೆ, ಪಕ್ಕದಲ್ಲಿ ಸಹಜ ಮಿತಿ; ಐಜಿಜಿಗಾದರೆ ಏಳುನೂರರಿಂದ ಸಾವಿರದ ಆರುನೂರು. ಮಿತಿಯ ಹೊರಗಿದ್ದರೆ ಕೆಂಪು ಅಕ್ಷರ, ಒಳಗಿದ್ದರೆ ಕಪ್ಪು. ನಾವು ಸಂಭ್ರಮಪಟ್ಟೆವು. ಏನನ್ನು ಕಳೆದುಕೊಂಡೆವೆಂದು ಹೊಳೆಯಲು ವರ್ಷಗಳೇ ಬೇಕಾದವು.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯ ಹೆಸರನ್ನು ನಾನು ಸರಿಯಾಗಿ ಕಲಿತದ್ದು ನಮ್ಮಲ್ಲಿಗೆ ನರರೋಗ ತಜ್ಞರಾಗಿ ಡಾಕ್ಟರ್ ನಾಯಕ್ ಬಂದ ಮೇಲೆ. ಎಂಎಸ್ ಎಂದು ಚಿಕ್ಕದಾಗಿ ಹೇಳುತ್ತಾರೆ. ಮೈಯ ರಕ್ಷಣಾ ಪಡೆಯೇ ದಾರಿ ತಪ್ಪಿ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ತಿನ್ನುವ ಕಾಯಿಲೆ. ಇವತ್ತು ಕಣ್ಣು ಮಂಜಾಗುತ್ತದೆ, ಆರು ತಿಂಗಳು ಬಿಟ್ಟು ಕಾಲು ಎಳೆಯುತ್ತದೆ. ಇದಕ್ಕೆ ಆರು ತಿಂಗಳಿಗೊಮ್ಮೆ ಡ್ರಿಪ್ ಮೂಲಕ ಒಂದು ಔಷಧಿ ಕೊಡುತ್ತಾರೆ. ಅದು ಬಿ ಕೋಶ ಎಂಬ ಒಂದು ಜಾತಿಯ ಬಿಳಿ ರಕ್ತಕಣಗಳನ್ನು ಅಳಿಸಿಹಾಕುತ್ತದೆ, ದಾಳಿ ನಿಲ್ಲುತ್ತದೆ. ಆದರೆ ಮುಂದೆ ಪ್ರತಿಕಾಯ ತಯಾರಿಸಬೇಕಾದವೂ ಆ ಕೋಶಗಳೇ. ವರ್ಷಗಟ್ಟಲೆ ಔಷಧಿ ಹೋದರೆ ಕೆಲವರಲ್ಲಿ ಐಜಿಜಿ ನಿಧಾನವಾಗಿ ಕುಸಿಯುತ್ತದೆ, ಸಣ್ಣ ಶೀತವೂ ನ್ಯುಮೋನಿಯಾ ಆಗಬಹುದು. ಆದ್ದರಿಂದ ಪ್ರತಿ ಡ್ರಿಪ್ಪಿನ ಹಿಂದಿನ ದಿನ ರಕ್ತ ತೆಗೆದು ಐಜಿಜಿ ನೋಡಬೇಕು. ಆ ಕೆಲಸ ನನ್ನ ಮೇಜಿಗೆ ಬಂತು.

ಬೆಳ್ಮಣ್ಣಿನ ಒಬ್ಬರು ಮಾಸ್ಟ್ರು ಇದೇ ಔಷಧಿಗೆ ಬರುತ್ತಿದ್ದರು. ಒಮ್ಮೆ ಅವರ ಚೀಟಿಯಲ್ಲಿ ಐಜಿಜಿ ಬರೆಯಲು ಯಾರೋ ಮರೆತಿದ್ದರು, ಲಿವರ್ ಪರೀಕ್ಷೆ ಮಾತ್ರ ಇತ್ತು. ಅದರಲ್ಲಿ ಒಟ್ಟು ಪ್ರೋಟೀನಿನಿಂದ ಆಲ್ಬುಮಿನ್ ಎಂಬ ಒಂದು ಪ್ರೋಟೀನನ್ನು ಕಳೆದರೆ ಉಳಿಯುವುದು ಗ್ಲಾಬ್ಯುಲಿನ್. ಪ್ರತಿಕಾಯಗಳೆಲ್ಲ ಆ ಗುಂಪಿನಲ್ಲೇ ಇರುತ್ತವೆ. ಕಳೆದು ನೋಡಿದರೆ ತೀರ ಸಣ್ಣ ಸಂಖ್ಯೆ. ಡಾಕ್ಟರ್ ನಾಯಕರಿಗೆ ಫೋನ್ ಮಾಡಿದೆ. ಐಜಿಜಿ ಅಳೆದಾಗ ಅದೂ ನೆಲಕ್ಕಿಳಿದಿತ್ತು. ಆದರೆ ಆ ಮಾಸ್ಟ್ರಿಗೆ ಮೂರು ವರ್ಷದಲ್ಲಿ ಒಂದು ಜ್ವರವೂ ಬಂದಿರಲಿಲ್ಲ. ಸಂಖ್ಯೆ ಚೆನ್ನಾಗಿದ್ದವರೂ ಸೋಂಕಿನಿಂದ ಮಲಗಿದ್ದುಂಟು. ಸಂಖ್ಯೆಯೊಂದನ್ನೇ ಹಿಡಿದುಕೊಂಡು ಯಾರ ಹಣೆಬರಹವನ್ನೂ ಓದಲು ಹೋಗಬೇಡಿ. ಎಷ್ಟರಿಂದ ಎಷ್ಟಕ್ಕೆ ಇಳಿಯಿತು, ನಡುವೆ ಎಷ್ಟು ಸಲ ಜ್ವರ, ಕೆಮ್ಮು ಬಂತು, ಎರಡನ್ನೂ ಒಟ್ಟಿಗೆ ನೋಡಬೇಕು. ಇದನ್ನು ಇಷ್ಟು ಧೈರ್ಯವಾಗಿ ಬರೆಯುವ ನಾನೇ ಜಯಂತಿಯ ವಿಷಯದಲ್ಲಿ ಅದನ್ನು ಮಾಡಲಿಲ್ಲ.

ಜಯಂತಿ ಕಾಪುವಿನವಳು, ಮೀನು ಮಾರುವ ಹೆಂಗಸು. ಗಂಡ ಬೋಟಿನಲ್ಲಿ ಹೋಗುತ್ತಾನೆ. ಅವಳು ಬೆಳಿಗ್ಗೆ ಮಲ್ಪೆಗೆ ಹೋಗಿ ಮೀನು ತಂದು ಕಾಪು ಪೇಟೆಯಲ್ಲಿ ಕೂರುತ್ತಿದ್ದಳು. ಮೂವತ್ತಮೂರನೇ ವಯಸ್ಸಿಗೆ ಎರಡು ವಾರ ಒಂದು ಕಣ್ಣು ಕಾಣಲಿಲ್ಲ, ಆಮೇಲೆ ಎಡಗಾಲು ಎಳೆಯತೊಡಗಿತು. ಮಣಿಪಾಲದಲ್ಲಿ ಸ್ಕ್ಯಾನ್ ಮಾಡಿಸಿ ಎಂಎಸ್ ಎಂದು ಗೊತ್ತಾದ ಮೇಲೆ ಡಾಕ್ಟರ್ ನಾಯಕರ ಹತ್ತಿರ ಬಂದಳು. ಔಷಧಿ ಸುರುವಾಗಿ ವರ್ಷದೊಳಗೆ ಮತ್ತೆ ತಲೆ ಮೇಲೆ ಬುಟ್ಟಿ ಹೊತ್ತಳು. ಆರು ತಿಂಗಳಿಗೊಮ್ಮೆ ಲ್ಯಾಬಿಗೆ ಬಂದು ಕೈ ನೀಡಿ ಕೂತರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆಯುತ್ತಿತ್ತು; ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಭಟ್ರೇ, ನಾನು ಅಂಜಲ್ ಮೀನು ಕೊಯ್ಯುವಾಗ ಕೂಡ ಇಷ್ಟು ಹೊತ್ತು ಹುಡುಕುದಿಲ್ಲ. ನರ ಸಿಕ್ತಾ?"

"ಅಲ್ಲಾಡಬೇಡ ಮಾರಾಯ್ತಿ, ಸಿಗ್ತದೆ."

"ನೀವು ಮೀನು ತಿನ್ನುವವರಾದ್ರೆ ಕೈ ಗಟ್ಟಿ ಇರ್ತಿತ್ತು."

ಮೊದಲ ಸಲ ಅವಳ ಐಜಿಜಿ ಸಾವಿರದ ಇನ್ನೂರ ನಲವತ್ತು ಇತ್ತು. ಆಮೇಲೆ ಸಾವಿರದ ಅರುವತ್ತು, ಒಂಬೈನೂರ ಹತ್ತು, ಎಂಟುನೂರ ಇಪ್ಪತ್ತು, ಏಳುನೂರ ಮೂವತ್ತು. ಈಗ ಸಾಲಾಗಿ ಬರೆದಾಗ ಯಾರಿಗಾದರೂ ಕಾಣುತ್ತದೆ. ಆಗ ಅವು ಆರಾರು ತಿಂಗಳ ಅಂತರದಲ್ಲಿ ಒಂದೊಂದಾಗಿ ಪರದೆಗೆ ಬಂದವು, ಐದೂ ಕಪ್ಪು ಅಕ್ಷರದಲ್ಲಿ. ಐದಕ್ಕೂ ನಾನೇ ಸಹಿ ಹಾಕಿದೆ. ಆ ಎರಡು ವರ್ಷದಲ್ಲಿ ಅವಳಿಗೆ ಮೂರು ಸಲ ವಾರಗಟ್ಟಲೆ ಕೆಮ್ಮು ಬಂದಿತ್ತಂತೆ. ಐಸಿನಲ್ಲಿ ಕೈ ಹಾಕುವವರಿಗೆ ಕೆಮ್ಮು ಇದ್ದದ್ದೇ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಕೇಳಬೇಕೆಂದು ನಮಗೂ ತೋಚಿರಲಿಲ್ಲ.

ಆರನೇ ಸಲ ಐಜಿಜಿ ಸಾವಿರದ ಎಂಬತ್ತು ಬಂತು. ಡ್ಯೂಟಿಯಲ್ಲಿದ್ದ ಹುಡುಗಿ "ಸರ್, ಇವರದ್ದು ಒಳ್ಳೆ ಉಂಟು" ಎಂದಳು. ಸಹಿ ಹಾಕಿ ಕಳಿಸಿದೆ. ಮರುದಿನ ಬೆಳಿಗ್ಗೆ ಡ್ರಿಪ್.

ಆ ಸಂಜೆ ಬಸ್ಸಿನಲ್ಲಿ ಕೂತು ಉಚ್ಚಿಲ ದಾಟುವಾಗ ತಲೆಯೊಳಗೆ ಏನೋ ಕೊರೆಯತೊಡಗಿತು. ಹಿಂದಿನ ಸಲದ ಏಳುನೂರ ಮೂವತ್ತು ನನಗೆ ಹೇಗೋ ನೆನಪಿತ್ತು. ಅವತ್ತು ಮಿತಿಗೆ ಇಷ್ಟು ಹತ್ತಿರ ಬಂತಲ್ಲ ಎಂದುಕೊಂಡು ಸುಮ್ಮನಾಗಿದ್ದೆ. ಈ ಔಷಧಿಯಲ್ಲಿರುವವರ ಐಜಿಜಿ ಇಳಿಯುತ್ತದೆ, ಹೆಚ್ಚೆಂದರೆ ನಿಂತಲ್ಲೇ ನಿಲ್ಲುತ್ತದೆ. ಆರು ತಿಂಗಳಲ್ಲಿ ಮುನ್ನೂರ ಐವತ್ತು ಏರಿದ್ದನ್ನು ನಾನು ಕಂಡವನಲ್ಲ. ಟ್ಯೂಬು ಅದಲುಬದಲಾಯಿತೇ, ಬೇರೆ ಯಾರದೋ ರಕ್ತಕ್ಕೆ ಅವಳ ಹೆಸರು ಅಂಟಿಸಿದೆವೇ ಎಂದು ಹೆದರಿಕೆಯಾಯಿತು.

ಮರುದಿನ ಒಂದು ಗಂಟೆ ಮೊದಲೇ ಹೋಗಿ ಫ್ರಿಜ್ಜಿನಲ್ಲಿದ್ದ ಅವಳ ಟ್ಯೂಬು ಹುಡುಕಿ ಮತ್ತೆ ಹಾಕಿದೆ. ಸಾವಿರದ ಎಪ್ಪತ್ತು. ಹೆಸರು, ನಂಬರು, ರಕ್ತದ ಗುಂಪು ಎಲ್ಲ ಅವಳದ್ದೇ. ಯಂತ್ರದ ತಪ್ಪೂ ಇರಲಿಲ್ಲ. ಕಾಮತ್ ಮೇಡಂ ಬಂದೊಡನೆ ಹೇಳಿದೆ.

"ಎರಡು ಸಲ ಒಂದೇ ಬಂತಲ್ವಾ? ಮತ್ತೆ ಎಂತ ನಿಮ್ಮ ತಕರಾರು?"

"ಸಂಖ್ಯೆ ಸರಿ ಉಂಟು ಮೇಡಂ. ಆದ್ರೆ ಅದು ಏರಬಾರದಿತ್ತು. ಮೇಲೆ ಹೋಗಿ ಅವಳ ಹತ್ರ ಕೇಳಿ ಬರ್ತೇನೆ."

"ಭಟ್ರೇ, ಲ್ಯಾಬಿನವರು ನಂಬರ್ ಕೊಡಬೇಕು. ರೋಗಿಯ ಹತ್ರ ಹೋಗಿ ವಿಚಾರಣೆ ಮಾಡ್ಲಿಕ್ಕೆ ನಾವು ಯಾರು? ನಾಯಕ್ ನನ್ನ ಹತ್ರ ಜಗಳಕ್ಕೆ ಬರ್ತಾರೆ."

ಮೇಡಂ ಹೇಳಿದ್ದು ನಿಯಮದ ಮಾತು. ಅಲ್ಲಿಯವರೆಗೆ ನಾನು ಅದನ್ನು ಮೀರಿದವನಲ್ಲ. ಡಾಕ್ಟರ್ ನಾಯಕರಿಗೆ ಫೋನ್ ಮಾಡಿದರೆ ಅವರು ತುರ್ತು ರೋಗಿಯ ಹತ್ತಿರ ಇದ್ದರು, ಸಿಗಲಿಲ್ಲ. ಡ್ರಿಪ್ ಒಂಬತ್ತಕ್ಕೆ. ಗಡಿಯಾರದಲ್ಲಿ ಎಂಟೂ ಮುಕ್ಕಾಲು. "ಜಗಳ ಆದ್ರೆ ನನ್ನ ಹೆಸರು ಹೇಳಿ ಮೇಡಂ" ಎಂದು ಮೆಟ್ಟಿಲು ಹತ್ತಿದೆ. ಮೂರು ಮಾಳಿಗೆ.

ಜಯಂತಿ ಒರಗುಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಕೈಗೆ ಸೂಜಿ ಹಾಕಿ ಆಗಿತ್ತು. ಔಷಧಿಯ ಚೀಲ ಇನ್ನೂ ಜೋಡಿಸಿರಲಿಲ್ಲ. ನನ್ನನ್ನು ಕಂಡು ನಕ್ಕಳು.

"ಎಂತ ಭಟ್ರೇ, ರಕ್ತ ಕಡಿಮೆ ಆಯ್ತಾ? ಇನ್ನೂ ಬೇಕಾ?"

"ಜಯಂತಿ, ಹೋದ ಸಲ ಇಲ್ಲಿಂದ ಹೋದ ಮೇಲೆ ಬೇರೆ ಎಲ್ಲಿಯಾದ್ರೂ ಆಸ್ಪತ್ರೆಯಲ್ಲಿ ಮಲಗಿದ್ಯಾ?"

"ಇಲ್ಲ."

ತುಂಬ ಬೇಗ ಹೇಳಿದಳು. ಮುಖ ಕಿಟಕಿಯ ಕಡೆ ತಿರುಗಿತು. ನಾನು ಸ್ಟೂಲು ಎಳೆದು ಅವಳೆದುರು ಕೂತೆ. "ಸುಳ್ಳು ಹೇಳಿದ್ರೆ ನನ್ನ ಸಂಖ್ಯೆಯೂ ಸುಳ್ಳಾಗ್ತದೆ ಮಾರಾಯ್ತಿ" ಎಂದೆ.

"ಕಾರ್ಕಳದಲ್ಲಿ. ಅಕ್ಕನ ಮನೆಗೆ ಹೋಗಿದ್ದೆ. ಎರಡು ತಿಂಗಳಾಯ್ತು. ಜ್ವರ ಬಂತು, ಕೆಮ್ಮು ಬಂತು, ಮತ್ತೆ ಎರಡು ಕಾಲೂ ಎತ್ಲಿಕ್ಕೇ ಆಗ್ಲಿಲ್ಲ. ಭಾವ ಅಲ್ಲಿಯೇ ಆಸ್ಪತ್ರೆಗೆ ಹಾಕಿದ್ರು."

"ಎಂಎಸ್ ಅಂತ ಹೇಳಿದ್ಯಾ ಅಲ್ಲಿ?"

"ಹೇಗೆ ಹೇಳುದು? ಅಕ್ಕನ ಮಗಳಿಗೆ ಸಂಬಂಧ ನೋಡ್ತಾ ಇದ್ರು. ಚಿಕ್ಕಮ್ಮನಿಗೆ ನರದ ಕಾಯಿಲೆ ಅಂತ ಊರಿಗೆ ಗೊತ್ತಾದ್ರೆ ಆ ಹುಡುಗಿಯ ಗತಿ ಎಂತ? ಅಕ್ಕ ಕೈ ಹಿಡಿದು ಹೇಳಿದ್ಳು, ಬಾಯಿ ಬಿಡ್ಬೇಡ ಅಂತ."

"ಎಂತ ಔಷಧಿ ಕೊಟ್ರು?"

"ಐದು ದಿನ ದಿನಾ ಬಾಟ್ಲಿ ಹಾಕಿದ್ರು. ಗಾಜಿನದ್ದು, ಫ್ರಿಜ್ಜಿನಿಂದ ತಂದದ್ದು. ತುಂಬ ನಿಧಾನ ಬಿಡುದು. ನೊರೆ ಬರ್ತದೆ, ಮುಟ್ಟಿ ಅಲ್ಲಾಡಿಸ್ಬೇಡಿ ಅಂತ ಸಿಸ್ಟರ್ ಭಾವನಿಗೆ ಬೈದಿದ್ರು."

ನನಗೆ ಅಷ್ಟು ಸಾಕಾಯಿತು. ನೊರೆ ಬರುವುದೆಂದು ಅಲ್ಲಾಡಿಸಲು ಬಿಡದೆ, ಐದು ದಿನ ನಿಧಾನವಾಗಿ ಬಿಡುವ ಗಾಜಿನ ಬಾಟಲಿ ಎಂದರೆ ಇಮ್ಯುನೋಗ್ಲಾಬ್ಯುಲಿನ್. ಸಾವಿರಾರು ದಾನಿಗಳ ರಕ್ತದಿಂದ ಬೇರ್ಪಡಿಸಿ ತೆಗೆದ ಐಜಿಜಿ. ಇದ್ದಕ್ಕಿದ್ದಂತೆ ಎರಡೂ ಕಾಲು ಸೋಲುವ ಇನ್ನೊಂದು ನರದ ಕಾಯಿಲೆಗೆ ಅದು ಒಳ್ಳೆಯ ಔಷಧಿ. ಎಂಎಸ್ ಇದ್ದವರಿಗೆ ಜ್ವರ ಏರಿದರೂ ಕಾಲು ಸೋಲುವುದುಂಟು. ಇವಳಿಗೂ ಆ ಇನ್ನೊಂದು ಕಾಯಿಲೆಯೇ ಎಂದುಕೊಂಡ ಕಾರ್ಕಳದ ಡಾಕ್ಟರನ್ನು ದೂರುವ ಹಾಗಿಲ್ಲ. ಅವರಿಗೆ ತಿಳಿಸಿದವರೇ ಇರಲಿಲ್ಲ. ನಾನು ಅಳೆದ ಸಾವಿರದ ಎಂಬತ್ತರಲ್ಲಿ ಬಹುಪಾಲು ಬೇರೆಯವರದ್ದು. ಅದು ವಾರ ವಾರಕ್ಕೆ ಕರಗುತ್ತ ಹೋಗುತ್ತದೆ. ಅವಳ ಸ್ವಂತದ್ದು ಎಷ್ಟು ಉಳಿದಿದೆಯೆಂದು ನನಗೂ ಗೊತ್ತಿರಲಿಲ್ಲ, ಯಂತ್ರಕ್ಕೂ ಗೊತ್ತಿರಲಿಲ್ಲ.

"ಇಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇವತ್ತು ಔಷಧಿ ಕೊಡ್ತಿದ್ರಾ?" ಎಂದಳು. ನಗೆ ಪೂರ್ತಿ ಹೋಗಿತ್ತು. "ಆ ಕಾಗದ ಫೈಲಿನಿಂದ ನಾನೇ ತೆಗೆದಿಟ್ಟದ್ದು. ಔಷಧಿ ತಪ್ಪಿದ್ರೆ ಕಾಲು ಹೋಗ್ತದೆ ಭಟ್ರೇ. ನಿಮಗೆ ಕೂತು ಮಾಡುವ ಕೆಲಸ, ನನಗೆ ಕಾಲೇ ಅನ್ನ. ನೀವು ಕೆಳಗೆ ಹೋಗಿ. ಯಾರಿಗೂ ಹೇಳ್ಬೇಡಿ."

ಆ ಮಾತು ನಾಟಿತು. ಕೊಟ್ಟರೆ ಮುಂದಿನ ಸೋಂಕು ಅವಳ ಜೀವ ತೆಗೆಯಬಹುದು. ಕೊಡದಿದ್ದರೆ ಕಾಯಿಲೆ ಕಾಲು ತೆಗೆಯಬಹುದು. ತೀರ್ಮಾನ ಮಾಡಬೇಕಾದವನು ನಾನಲ್ಲ. ಆದರೆ ನಾನು ಬಾಯಿ ಮುಚ್ಚಿದರೆ ತೀರ್ಮಾನ ಮಾಡಬೇಕಾದವರು ದಾರಿ ತಪ್ಪಿಸುವ ಒಂದು ಸಂಖ್ಯೆ ನೋಡಿ ಮಾಡುತ್ತಾರೆ, ಅದರ ಕೆಳಗೆ ನನ್ನ ಸಹಿ ಇರುತ್ತದೆ. ಔಷಧಿಯ ಚೀಲ ಹಿಡಿದು ಬಂದ ಸಿಸ್ಟರಿಗೆ "ಡಾಕ್ಟರ್ ನಾಯಕ್ ಬರುವ ತನಕ ಜೋಡಿಸಬೇಡಿ" ಎಂದು ಹೇಳಿ ಬಾಗಿಲ ಹತ್ತಿರವೇ ನಿಂತೆ. ಜಯಂತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಡಾಕ್ಟರ್ ನಾಯಕ್ ಬಂದು ಎಲ್ಲ ಕೇಳಿದರು. ಜಗಳ ಮಾಡಲಿಲ್ಲ. ಅವಳ ಹಳೆಯ ಐದು ಸಂಖ್ಯೆ ತರಿಸಿ ಚೀಟಿಯಲ್ಲಿ ಸಾಲಾಗಿ ಬರೆದರು. "ಇದು ನನಗೂ ಕಾಣಬೇಕಿತ್ತು" ಎಂದರು. ಡ್ರಿಪ್ ಮುಂದೂಡಿದರು. ಬಾಟಲಿಯ ಪ್ರತಿಕಾಯ ಕರಗಿದ ಮೇಲೆ ಮತ್ತೆ ಅಳೆಯುವುದು, ನ್ಯುಮೋನಿಯಾದ ಲಸಿಕೆ ಹಾಕುವುದು, ಜ್ವರ ಬಂದರೆ ಅದೇ ದಿನ ಬರುವುದು ಎಂದು ಬರೆದುಕೊಟ್ಟರು. ಜಯಂತಿ ಕೈಯ ಸೂಜಿ ತೆಗೆಸಿಕೊಂಡು ನನ್ನ ಪಕ್ಕದಲ್ಲೇ ದಾಟಿ ಹೋದಳು.

ನಾಲ್ಕು ತಿಂಗಳ ಮೇಲೆ ಅವಳ ಐಜಿಜಿ ನಾನೂರ ಅರುವತ್ತು ಬಂತು. ಆಷಾಢದ, ನಮ್ಮ ಆಟಿ ತಿಂಗಳ ಮಳೆಯಲ್ಲಿ ನ್ಯುಮೋನಿಯಾವೂ ಬಂತು. ಜ್ವರ ಸುರುವಾದ ದಿನವೇ ಗಂಡ ಅವಳನ್ನು ರಿಕ್ಷಾದಲ್ಲಿ ಮಲಗಿಸಿಕೊಂಡು ಬಂದ. ಅವತ್ತು ಅವಳು ಎಲ್ಲ ಕಾಗದ ತಂದಿದ್ದಳು, ಕಾರ್ಕಳದ್ದೂ ಸೇರಿ. ಮೂರು ದಿನ ಆಕ್ಸಿಜನ್ ಹಾಕಿದ್ದರು. ಆರನೇ ದಿನ ಎದ್ದು ಕೂತಳು. ಆ ಡ್ರಿಪ್ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಡಾಕ್ಟರ್ ನಾಯಕರನ್ನು ಕೇಳಿದೆ. ಖಚಿತವಾಗಿ ಯಾರೂ ಹೇಳಲಾರರು ಎಂದರು. "ಇದೆಲ್ಲ ಗೊತ್ತಿದ್ದು ಕೊಡ್ಲಿಕ್ಕೆ ನನಗೆ ಧೈರ್ಯ ಇರ್ತಿರಲಿಲ್ಲ" ಎಂದೂ ಸೇರಿಸಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ದೊಡ್ಡ ಮನುಷ್ಯನಾಗುತ್ತಿದ್ದೆ. ಔಷಧಿ ನಿಂತ ಒಂದು ವರ್ಷಕ್ಕೆ ಎಂಎಸ್ ಮತ್ತೆ ದಾಳಿ ಮಾಡಿತು. ಎಡಪಾದ ಜೋತುಬಿತ್ತು. ಡಾಕ್ಟರ್ ನಾಯಕ್ ಸ್ಟೀರಾಯ್ಡ್ ಕೊಟ್ಟರು. ಆ ಹೊತ್ತಿಗೆ ಐಜಿಜಿ ತಾನಾಗಿ ಸ್ವಲ್ಪ ಏರಿತ್ತು, ಅದನ್ನು ನೋಡಿಕೊಂಡು ಹಳೆಯ ಔಷಧಿಯನ್ನೇ ದೀರ್ಘ ಅಂತರದಲ್ಲಿ ಮತ್ತೆ ಸುರುಮಾಡಿದರು. ಕಾಲಿನ ಬಲ ಮುಕ್ಕಾಲು ಪಾಲು ಮರಳಿತು, ಪಾದದ್ದು ಮರಳಲಿಲ್ಲ. ತಲೆ ಮೇಲೆ ಬುಟ್ಟಿ ಹೊರುವುದು ನಿಂತಿತು. ಆಮೇಲೆ ಲ್ಯಾಬಿಗೆ ಬಂದರೆ ಅವಳು ನನ್ನ ಕೈಗೆ ಕೈ ಕೊಡುತ್ತಿರಲಿಲ್ಲ, ಹುಡುಗಿಯರ ಹತ್ತಿರವೇ ರಕ್ತ ತೆಗೆಸಿಕೊಳ್ಳುತ್ತಿದ್ದಳು. ನನಗೆ ಸಂಕಟವಾಗುತ್ತಿತ್ತು. ಆದರೂ ಅವತ್ತು ಮೆಟ್ಟಿಲು ಹತ್ತಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪ ಇರುವುದು ಅದಕ್ಕೆ ಮೊದಲಿನ ಐದು ಸಹಿಗಳಿಗೆ.

ಅವುಗಳಿಗಾಗಿ ಒಂದು ಕೆಲಸ ಮಾಡಿದೆ. ಈ ಔಷಧಿಯಲ್ಲಿರುವ ಎಲ್ಲರ ಹಳೆಯ ಸಂಖ್ಯೆ ಹುಡುಕಿ ತೆಗೆದು, ಪ್ರತಿ ವರದಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯತೊಡಗಿದೆ. ರಕ್ತ ತೆಗೆಯುವಾಗ ಎರಡು ಪ್ರಶ್ನೆ ಕೇಳಿ ಉತ್ತರವನ್ನೂ ಬರೆದೆ: ಕಳೆದ ಸಲದಿಂದ ಎಷ್ಟು ಬಾರಿ ಆ್ಯಂಟಿಬಯಾಟಿಕ್ ತೆಗೆದುಕೊಂಡಿರಿ, ಬೇರೆಲ್ಲಾದರೂ ಬಾಟಲಿ ಹಾಕಿಸಿಕೊಂಡಿರಾ. ಎರಡನೆಯದನ್ನು ಮನೆಯವರನ್ನು ಹೊರಗೆ ಕಳಿಸಿ ಕೇಳುತ್ತಿದ್ದೆ. ನಮ್ಮ ಕಡೆ ಕಾಯಿಲೆಯನ್ನು ರೋಗಿಗಿಂತ ಹೆಚ್ಚು ಸಂಬಂಧಿಕರು ಮುಚ್ಚಿಡುತ್ತಾರೆ. ಕಾಮತ್ ಮೇಡಂ ಮೂರು ಸಲ ಪೆನ್ಸಿಲ್ ಕಿತ್ತುಕೊಂಡರು, "ಇದು ಲ್ಯಾಬಿನ ಕೆಲಸ ಅಲ್ಲ" ಎಂದರು. ನಾನು ನಾಲ್ಕನೆಯ ಪೆನ್ಸಿಲ್ ತಂದೆ. ಎಂಟು ತಿಂಗಳಾದ ಮೇಲೆ ಮೇಡಂ ತಾವೇ ಕಂಪ್ಯೂಟರಿನವರನ್ನು ಕರೆಸಿ ಹಳೆಯ ಸಂಖ್ಯೆಗಳು ವರದಿಯಲ್ಲೇ ಅಚ್ಚಾಗುವಂತೆ ಮಾಡಿಸಿದರು. "ಭಟ್ರ ಅಕ್ಷರ ಓದ್ಲಿಕ್ಕೆ ಆಗುದಿಲ್ಲ, ಅದಕ್ಕೆ" ಎಂದು ಎಲ್ಲರೆದುರು ಹೇಳಿದರು. ಈಗ ನೀವು ನೋಡುವ ವರದಿಯಲ್ಲಿ ಆ ಸಾಲು ಇದೆ. ದಯವಿಟ್ಟು ಓದಿ. ಅಕ್ಷರ ಕಪ್ಪಗಿದೆಯೆಂದು ಕಣ್ಣು ತಿರುಗಿಸಬೇಡಿ.

ನಿವೃತ್ತಿಯಾದ ಮೇಲೆ ಹೋದ ತಿಂಗಳು ಕಾಪು ಪೇಟೆಗೆ ಕೊಡೆ ರಿಪೇರಿಗೆ ಹೋಗಿದ್ದೆ. ಮೀನು ಮಾರ್ಕೆಟಿನ ಬಾಗಿಲಲ್ಲಿ ಎತ್ತರದ ಸ್ಟೂಲಿನ ಮೇಲೆ ಜಯಂತಿ ಕೂತಿದ್ದಳು. ಎಡಗಾಲಿಗೆ ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ. ಎದುರಿನ ಹಲಗೆಯ ಮೇಲೆ ಬಂಗುಡೆ. ತಪ್ಪಿಸಿಕೊಂಡು ಹೋಗೋಣವೆಂದುಕೊಂಡೆ, ಅಷ್ಟರಲ್ಲಿ ಅವಳೇ ಕರೆದಳು.

"ಭಟ್ರೇ, ಬನ್ನಿ. ಮೀನು ಕೊಡುದಿಲ್ಲ, ಹೆದರ್ಬೇಡಿ."

ಹೋಗಿ ನಿಂತೆ. ಅವಳ ಕಾಲನ್ನೇ ನೋಡುತ್ತಿದ್ದೆನೆಂದು ಕಾಣುತ್ತದೆ.

"ನಿಮ್ಮ ಮೇಲೆ ನನಗೆ ತುಂಬ ಸಿಟ್ಟಿತ್ತು, ಗೊತ್ತುಂಟಾ?"

"ಗೊತ್ತುಂಟು. ಈಗ ಹೋಯ್ತಾ?"

"ಇಲ್ಲ, ಈಗಲೂ ಉಂಟು" ಎಂದಳು. ಒಂದು ಬಂಗುಡೆ ತಿರುಗಿಸಿ ಇಟ್ಟಳು. "ಸಿಟ್ಟು ಮಾಡ್ಲಿಕ್ಕೆ ಜೀವ ಉಂಟಲ್ಲ ಭಟ್ರೇ. ನನಗೆ ಅಷ್ಟು ಸಾಕು."

ಅಷ್ಟರಲ್ಲಿ ಗಿರಾಕಿ ಬಂದರು. ಅವಳು ಕತ್ತಿ ಎತ್ತಿಕೊಂಡಳು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತು ಅವಳು ಮೀನು ಕೊಯ್ಯುವುದನ್ನು ನೋಡಿದೆ.